ಪುತ್ತೂರು ಸೀಮೆಯ ಮುಸಲ್ಮಾನರ ನಿತ್ಯಾಚರಣೆಯಲ್ಲಿ ದೇಶದ ಅಳತೆ

ಮತಶಾಸ್ತ್ರದ ವಿಧಿಗಳು ಎಲ್ಲ ದೇಶಗಳಿಗೂ ಒಂದೇ ಆದರೂ ಅವನ್ನು ಅಳೆಯುವ ಕೋಲನ್ನು ಆಯಾ ದೇಶವೇ ಒದಗಿಸಬೇಕಾಗುವುದುಂಟು. ನಮಾಜಿನ ಹೊತ್ತನ್ನು ಗೊತ್ತುಮಾಡುವ ನೆಳಲು, ಶುದ್ಧಿಗೆ ಬೇಕಾದ ನೀರು, ಬಡವರಿಗೆ ಸಲ್ಲಬೇಕಾದ ಧಾನ್ಯ, ಇವೆಲ್ಲವೂ ನೆಲಕ್ಕೆ ಅಂಟಿಕೊಂಡ ವಸ್ತುಗಳು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮುಸಲ್ಮಾನರ ದಿನಚರಿಯಲ್ಲಿ ಏಳುವ ಕೆಲವು ಪ್ರಶ್ನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಘಟ್ಟದ ಬುಡದಲ್ಲಿ ಹಬ್ಬಿರುವ ಈ ಸೀಮೆಯಲ್ಲಿ ಕುಮಾರಧಾರೆಯು ಉಪ್ಪಿನಂಗಡಿಯ ಬಳಿ ನೇತ್ರಾವತಿಯನ್ನು ಸೇರುತ್ತದೆ. ಪಯಸ್ವಿನಿಯು ಸುಳ್ಯದ ಮಗ್ಗುಲಲ್ಲಿ ಹರಿಯುತ್ತದೆ. ಕಡಬವು ಈಚೆಗೆ ಬೇರೆ ತಾಲೂಕಾಗುವವರೆಗೆ ಬಹುಮಟ್ಟಿಗೆ ಪುತ್ತೂರಿನ ಭಾಗವಾಗಿದ್ದಿತು. ಇಲ್ಲಿನ ಮುಸಲ್ಮಾನರಲ್ಲಿ ಹೆಚ್ಚಿನವರು ಬ್ಯಾರಿಗಳು. ಕಡಲ ಕರೆಯ ಬ್ಯಾರಿ ಮಾತಿಗಿಂತ ಇವರ ಮಾತು ಮಲೆಯಾಳಕ್ಕೆ ಹೆಚ್ಚು ಹತ್ತಿರವಾದುದು. ಆಚರಣೆಯಲ್ಲಿ ಇವರು ಇಮಾಮ್ ಶಾಫಿಯವರ (ಕ್ರಿ. ಶ. ೭೬೭–೮೨೦) ಪಂಥದವರು. ಘಟ್ಟದ ಮೇಲಿನ ಹಾಸನ, ಮೈಸೂರುಗಳ ಉರ್ದು ಮಾತಿನ ಮುಸಲ್ಮಾನರಾದರೋ ಪ್ರಾಯಶಃ ಇಮಾಮ್ ಅಬೂ ಹನೀಫರ ಪಂಥವನ್ನು ಅನುಸರಿಸುವವರು. ಈ ಭೇದ ಹೊಸದಲ್ಲ. ಕ್ರಿ. ಶ. ೧೩೪೨ರ ಸುಮಾರಿಗೆ ಮಂಗಳೂರಿಗೆ ಬಂದಿದ್ದ ಇಬ್ನ್ ಬತೂತನು ಅಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರಿದ್ದರೆಂದೂ, ಅವರ ಖಾಜಿಯಾದ ಬದ್ರುದ್ದೀನನು ಶಾಫಿ ಪಂಥದವನೆಂದೂ ಬರೆದಿದ್ದಾನೆ.

ಈ ಪಂಥದ ವಿದ್ಯೆ ಕರಾವಳಿಗೆ ಬಂದುದು ಮುಖ್ಯವಾಗಿ ಕಡಲ ದಾರಿಯಿಂದ. ಹದಿಮೂರನೆಯ ಶತಮಾನದ ನವವಿಯವರ ‘ಮಿನ್ಹಾಜು’, ಅದರ ಮೇಲೆ ಹದಿನಾರನೆಯ ಶತಮಾನದ ಇಬ್ನ್ ಹಜರ್ ಹೈತಮಿಯವರ ‘ತುಹ್ಫ’, ಅದೇ ಶತಮಾನದಲ್ಲಿ ಪೊನ್ನಾನಿಯ ಜೈನುದ್ದೀನ್ ಮಖ್ದೂಮರು ರಚಿಸಿದ ‘ಫತ್ಹುಲ್ ಮುಈನ್’, ಇವು ಪಳ್ಳಿಗಳ ದರ್ಸುಗಳಲ್ಲಿ ಓದಲ್ಪಡುವ ಮುಖ್ಯ ಗ್ರಂಥಗಳು. ಈ ಕಡೆಯ ಗ್ರಂಥವು ಜಾವಾ ದ್ವೀಪದ ಪಾಠಶಾಲೆಗಳಲ್ಲಿಯೂ ಪಾಠವಾಗಿರುವುದು. ಗ್ರಂಥವು ಅರಬ್ಬಿಯಲ್ಲಿ, ಅದರ ವಿವರಣೆ ಬಹುಕಾಲ ಅರಬ್ಬಿ ಲಿಪಿಯ ಮಲೆಯಾಳದಲ್ಲಿ, ಪ್ರಶ್ನೆ ಕೇಳುವವನ ಮಾತು ಬ್ಯಾರಿ, ಅವನು ಓದುವ ಬರೆಯುವ ನುಡಿ ಕನ್ನಡ. ಹೀಗೆ ಒಂದು ಸಾಮಾನ್ಯವಾದ ಪ್ರಶ್ನೆಯೂ ನಾಲ್ಕು ಮಾತುಗಳನ್ನು ದಾಟಿ ಉತ್ತರವನ್ನು ಪಡೆಯುತ್ತದೆ.

ಈ ದಾರಿಯ ಗುರುತು ಶಬ್ದಗಳಲ್ಲಿ ಉಳಿದಿದೆ. ಅರಬ್ಬಿಯ ‘ಳಾದ್’ ಎಂಬ ಅಕ್ಷರವು ಪಾರಸಿ-ಉರ್ದುಗಳ ಮೂಲಕ ಬಂದಾಗ ಕನ್ನಡದಲ್ಲಿ ಜಕಾರವಾಗುತ್ತದೆ; ಮಲೆಯಾಳದ ಮೂಲಕ ಬಂದಾಗ ಳಕಾರವಾಗುತ್ತದೆ. ಆದುದರಿಂದಲೇ ಘಟ್ಟದ ಮೇಲೆ ‘ರಂಜಾನ್’, ‘ವಜೂ’, ‘ಖಾಜಿ’. ಕೆಳಗೆ ‘ರಮಳಾನ್’, ‘ವುಳೂ’, ‘ಖಾಳಿ’. ಉಳಿದ ಕೆಲವು ಶಬ್ದಗಳು ಅರಬ್ಬಿಯವೇ ಅಲ್ಲ. ಉಪವಾಸಕ್ಕೆ ‘ನೋಂಬು’ ಎಂಬುದು ಜೈನರ ‘ನೋಂಪಿ’ಯ ಸೋದರಶಬ್ದ. ‘ನಿಸ್ಕಾರ’ವು ನಮಸ್ಕಾರದ ತದ್ಭವ. ಹಬ್ಬಕ್ಕೆ ‘ಪೆರ್ನಾಳ್’ ಎನ್ನುವಲ್ಲಿ ಹಳಗನ್ನಡದ ‘ಪೆರ್ದೊರೆ’ಯಲ್ಲಿರುವ ಪೂರ್ವಪದವೇ ಇದೆ. ಮಸೀದಿಯನ್ನು ಹೇಳುವ ‘ಪಳ್ಳಿ’ಯಂತೂ ಕನ್ನಡದ ‘ಹಳ್ಳಿ’ಯ ಹಳೆಯ ರೂಪವೇ ಆಗಿದೆ.

೨

ದಿನದ ಮೊದಲ ಪ್ರಶ್ನೆ ಹೊತ್ತಿನದು. ಭಾರತದ ಗಡಿಯಾರವು ೮೨½ ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ. ಪುತ್ತೂರು ಇರುವುದು ಸುಮಾರು ೭೫.೨ ಡಿಗ್ರಿಯಲ್ಲಿ. ಆದುದರಿಂದ ಇಲ್ಲಿ ಸೂರ್ಯನು ನೆತ್ತಿಯ ರೇಖೆಗೆ ಬರುವುದು ಸರಾಸರಿ ೧೨ ಗಂಟೆ ೨೯ ಮಿನಿಟಿಗೆ. ನವಂಬರಿನ ಆದಿಯಲ್ಲಿ ೧೨-೧೩ಕ್ಕೂ ಫೆಬ್ರವರಿಯಲ್ಲಿ ೧೨-೪೩ಕ್ಕೂ ಆಗುವುದುಂಟು. ನಡುಹಗಲಿನ ಳುಹರ್ ನಮಾಜಿನ ಕಾಲ ಅದಾದ ಬಳಿಕ ಆರಂಭ.

ಸಂಜೆಯ ಅಸರ್ ನಮಾಜಿನ ಕಾಲಕ್ಕೆ ನೆಳಲೇ ಪ್ರಮಾಣ. ನೆಟ್ಟ ಕೋಲಿನ ನಡುಹಗಲ ನೆಳಲಿಗೆ ಕೋಲಿನಷ್ಟೇ ಉದ್ದ ಕೂಡಿದಾಗ ಅಸರ್ ಆಯಿತೆಂದು ಶಾಫಿಗಳು. ಕೋಲಿನ ಎರಡರಷ್ಟು ಕೂಡಬೇಕೆಂಬುದು ಅಬೂ ಹನೀಫರ ಪ್ರಸಿದ್ಧ ಅಭಿಪ್ರಾಯ. ಪುತ್ತೂರಿನಲ್ಲಿ ಏಪ್ರಿಲ್ ೨೪ರ ಸುಮಾರಿಗೆ ನಡುಹಗಲಿನ ನೆಳಲೇ ಇಲ್ಲ. ಆಗ ನೆಳಲು ಕೋಲಿನಷ್ಟಾದರೆ ಸಾಕು. ಅಲ್ಲಿಂದ ಆಗಸ್ಟ್ ೧೮ರವರೆಗೆ ನಡುಹಗಲ ನೆಳಲು ತೆಂಕಲಿಗೆ ಬೀಳುವುದು. ಡಿಸೆಂಬರಿನಲ್ಲಿಯಾದರೆ ಆ ನೆಳಲು ಕೋಲಿನ ಮುಕ್ಕಾಲಿಗೆ ತುಸು ಕಡಮೆಯಷ್ಟಿರುವುದರಿಂದ, ಒಂದೂಮುಕ್ಕಾಲಿನಷ್ಟು ಉದ್ದವಾಗುವವರೆಗೆ ಕಾಯಬೇಕು. ಎರಡು ಪಂಥಗಳ ಲೆಕ್ಕಕ್ಕೂ ಇಲ್ಲಿ ಸುಮಾರು ಒಂದು ಗಂಟೆಯ ಅಂತರ. ಶಿರಾಡಿ ಘಟ್ಟವನ್ನು ಹತ್ತಿ ಹಾಸನಕ್ಕೆ ಹೋದವನಿಗೆ ಅಸರಿನ ಬಾಂಗು ತಡವಾಗಿ ಕೇಳಿಸುವುದಕ್ಕೆ ಇದೇ ಕಾರಣ.

ಸೂರ್ಯಾಸ್ತದ ವಿಷಯದಲ್ಲಿ ಗುಡ್ಡಗಾಡಿಗೆ ಬೇರೊಂದು ಎಚ್ಚರಿಕೆ ಬೇಕು. ಸೂರ್ಯನು ಪಡುವಣ ಗುಡ್ಡದ ಮರೆಗೆ ಸರಿದ ಮಾತ್ರಕ್ಕೆ ಮುಳುಗಿದನೆಂದು ನೋಂಬನ್ನು ಬಿಡುವಂತಿಲ್ಲ. ಗುಡ್ಡಗಳ ತಲೆಯ ಮೇಲಿನ ಬಿಸಿಲು ಅಡಗಿ ಮೂಡಣದಿಂದ ಕತ್ತಲೆ ಏರಬೇಕು. ಗಡಿಯಾರ, ವೇಳಾಪಟ್ಟಿಗಳು ಬಂದ ಮೇಲೆ ಈ ಲಕ್ಷಣಗಳನ್ನು ನೋಡುವವರು ಕಡಮೆ. ಆದರೆ ಪಟ್ಟಿಯ ಮಿನಿಟುಗಳು ಹುಟ್ಟಿರುವುದು ಈ ಲಕ್ಷಣಗಳ ಗಣಿತದಿಂದಲೇ.

ದಿಕ್ಕಿನ ವಿಚಾರವೂ ಹೀಗೆಯೇ. ಜನರ ಮಾತಿನಲ್ಲಿ ಕಿಬ್ಲವೆಂದರೆ ಪಡುವಣ. ಗಣಿತದಂತೆ ಈ ಸೀಮೆಯಿಂದ ಮಕ್ಕೆಯು ಪಡುವಣಕ್ಕಿಂತ ೧೯ರಿಂದ ೨೦ ಡಿಗ್ರಿ ಬಡಗಲಿಗಿದೆ. ದೂರದವನಿಗೆ ದಿಕ್ಕು ಸಿಕ್ಕಿದರೆ ಸಾಕೆಂದು ಹನಫಿಗಳು ಹೇಳಿದರೆ, ಕಅಬದ ನೇರಕ್ಕೇ ತಿರುಗಿರಬೇಕೆಂಬುದು ಶಾಫಿಗಳ ಪ್ರಬಲ ಅಭಿಪ್ರಾಯವಾದುದರಿಂದ ಇಲ್ಲಿ ಈ ಅಂತರಕ್ಕೆ ಬೆಲೆ ಹೆಚ್ಚು. ಇದನ್ನು ಯಂತ್ರವಿಲ್ಲದೆ ನೋಡುವ ಉಪಾಯವುಂಟು. ಮೇ ೨೮ರ ಸುಮಾರಿಗೆ ಮಧ್ಯಾಹ್ನ ೨-೪೮ಕ್ಕೂ, ಜುಲೈ ೧೬ರ ಸುಮಾರಿಗೆ ೨-೫೭ಕ್ಕೂ ಸೂರ್ಯನು ಕಅಬದ ನೆತ್ತಿಯ ಮೇಲಿರುತ್ತಾನೆ. ಆ ಕ್ಷಣದಲ್ಲಿ ಇಲ್ಲಿಂದ ಸೂರ್ಯನಿರುವ ದಿಕ್ಕೇ ಕಿಬ್ಲ. ಜುಲೈಯಲ್ಲಿ ಸುಳ್ಯದ ಬಾನು ಮೋಡದಿಂದ ಮುಚ್ಚಿರುವುದರಿಂದ ಮಳೆಗೆ ಮುಂಚಿನ ಮೇ ತಿಂಗಳ ದಿನವೇ ಈ ಪರೀಕ್ಷೆಗೆ ತಕ್ಕುದು.

೩

ನೀರಿನ ವಿಷಯದಲ್ಲಿ ಶಾಫಿ ಪಂಥದ ಅಳತೆ ‘ಎರಡು ಕುಲ್ಲ’. ಉದ್ದ, ಅಗಲ, ಆಳಗಳು ಒಂದೂಕಾಲು ಮೊಳವಿರುವ ಚೌಕದ ತೊಟ್ಟಿಯಲ್ಲಿ ಹಿಡಿಯುವಷ್ಟು, ಎಂದರೆ ಸುಮಾರು ೧೯೦ ಲೀಟರು. ಇದಕ್ಕೆ ಕಡಮೆಯಾದ ನೀರು ಅಶುದ್ಧ ವಸ್ತು ತಾಗಿದೊಡನೆಯೇ ಕೆಡುತ್ತದೆ. ಇಷ್ಟು ಅಥವಾ ಹೆಚ್ಚಿದ್ದರೆ ಬಣ್ಣ, ರುಚಿ, ವಾಸನೆಗಳಲ್ಲಿ ಒಂದಾದರೂ ಮಾರ್ಪಟ್ಟಲ್ಲದೆ ಕೆಡುವುದಿಲ್ಲ. ಪಳ್ಳಿಗಳ ಹೌಳುಗಳು ಎಷ್ಟು ಚಿಕ್ಕವಾದರೂ ಈ ಅಳತೆಯನ್ನು ಮೀರಿರುವುದು ಈ ಕಾರಣದಿಂದ. ಬಾವಿಗೆ ಇಲಿ ಬಿದ್ದು ಸತ್ತರೆ ಇಷ್ಟು ಕೊಡ ನೀರನ್ನು ಸೇದಿ ಚೆಲ್ಲಬೇಕೆಂಬ ಹನಫಿ ಗ್ರಂಥಗಳ ಲೆಕ್ಕವು ಇಲ್ಲಿ ಕಾಣಬರುವುದಿಲ್ಲ.

ನಾಲ್ಕು ತಿಂಗಳು ಎಡೆಬಿಡದೆ ಮಳೆ ಹೊಯ್ಯುವ ಸೀಮೆಯಲ್ಲಿ ದಾರಿಯ ಕೆಸರು ಬಟ್ಟೆಗೆ ಹಾರಿದರೆ ನಮಾಜಿಗೆ ಬಾಧಕವೇ ಎಂಬುದು ಸಹಜವಾದ ಪ್ರಶ್ನೆ. ಕೆಸರಿನಲ್ಲಿ ಅಶುದ್ಧಿ ಇರುವುದು ಖಚಿತವೇ ಆದರೂ ತಪ್ಪಿಸಿಕೊಳ್ಳಲು ಕಷ್ಟವಾದಷ್ಟಕ್ಕೆ ಕ್ಷಮೆಯುಂಟೆಂದು ‘ಮಿನ್ಹಾಜು’ ವಿಧಿಸುತ್ತದೆ. ಆ ಪರಿಮಾಣವು ಋತುವಿಗೆ ತಕ್ಕಂತೆಯೂ ಬಟ್ಟೆಯ ಭಾಗಕ್ಕೆ ತಕ್ಕಂತೆಯೂ ಬೇರೆಯಾಗುವುದೆಂದು ಸೇರಿಸುತ್ತದೆ. ಬೇಸಗೆಯಲ್ಲಿ ಕ್ಷಮಿಸದಷ್ಟನ್ನು ಮಳೆಗಾಲದಲ್ಲಿ ಕ್ಷಮಿಸಬಹುದು. ತೋಳಿನಲ್ಲಿ ಕ್ಷಮಿಸದಷ್ಟನ್ನು ಅಂಚಿನಲ್ಲಿ ಕ್ಷಮಿಸಬಹುದು. ದಮಸ್ಕಸ್ಸಿನ ಪಂಡಿತನ ಮಾತು ಕಡಬದ ಆಷಾಢಕ್ಕೆ ಸರಿಯಾಗಿ ಹೊಂದುತ್ತದೆ.

೪

ಕನ್ನಡದಲ್ಲಿ ‘ಜಕಾತಿ’ ಎಂದರೆ ಸುಂಕ. ಅದೇ ಅರಬ್ಬಿ ಶಬ್ದವು ಬ್ಯಾರಿಯಲ್ಲಿ ಬಡವರಿಗೆ ಸಲ್ಲಬೇಕಾದ ಕಡ್ಡಾಯದ ಪಾಲನ್ನು ಸೂಚಿಸುತ್ತದೆ. ಮೊದಲನೆಯದು ಅರಸುಗಳ ಆಡಳಿತದಿಂದ ಬಂದ ಅರ್ಥ. ಎರಡನೆಯದು ಶಾಸ್ತ್ರದ ಮೂಲಾರ್ಥ.

ರಂಜಾನಿನ ಕೊನೆಯ ಫಿತ್ರ್ ಝಕಾತ್ ತಲೆಗೊಂದು ‘ಸಾಅ್’. ಈ ಕಡೆಯ ಎಣಿಕೆಯಲ್ಲಿ ೩ ಲೀಟರು ೨೦೦ ಮಿಲಿಲೀಟರು. ಇದನ್ನು ಊರಿನ ಮುಖ್ಯಾಹಾರದಲ್ಲಿಯೇ ಕೊಡಬೇಕು. ಹಣವಾಗಿ ಕೊಡುವುದಕ್ಕೆ ಹನಫಿಗಳು ಒಪ್ಪುತ್ತಾರೆ, ಶಾಫಿಗಳು ಒಪ್ಪುವುದಿಲ್ಲ. ಮೂಲಗ್ರಂಥಗಳಲ್ಲಿ ಖರ್ಜೂರ, ಜವೆಗೋದಿಗಳಿರುವ ಸ್ಥಾನದಲ್ಲಿ ಇಲ್ಲಿ ಅಕ್ಕಿ ನಿಂತಿದೆ. ಯಜಮಾನನು ದುಬಾಯಿಯಲ್ಲಿದ್ದು ಹೆಂಡತಿ ಮಕ್ಕಳು ಸುಳ್ಯದಲ್ಲಿದ್ದರೆ, ಹಬ್ಬದ ಹಿಂದಿನ ಸಂಜೆ ಸೂರ್ಯ ಮುಳುಗುವಾಗ ಯಾರು ಎಲ್ಲಿರುವರೋ ಅಲ್ಲಿಯ ಬಡವರಿಗೆ ಅವರ ಪಾಲು: ಅವನದು ದುಬಾಯಿಯಲ್ಲಿ, ಮನೆಯವರದು ಸುಳ್ಯದಲ್ಲಿ.

ಬೆಳೆಯ ಝಕಾತ್ತು ಇನ್ನೂ ನೆಲಕ್ಕೆ ಹತ್ತಿರವಾದುದು. ಅಕ್ಕಿಯಾದರೆ ೩೦೦ ಸಾಅ್, ಎಂದರೆ ೯೬೦ ಲೀಟರು. ಉಮಿಯೊಡನಿರುವ ನೆಲ್ಲಾದರೆ ಅದರ ಎರಡರಷ್ಟು. ಇಷ್ಟಾದರೆ ಪಾಲು ಕಡ್ಡಾಯ. ಮಳೆಯ ನೀರಿನ ಬೆಳೆಗೆ ಹತ್ತರಲ್ಲೊಂದು. ದುಡಿದು ಎತ್ತಿದ ನೀರಿನ ಬೆಳೆಗೆ ಇಪ್ಪತ್ತರಲ್ಲೊಂದು. ಎರಡೂ ಸಮವಾಗಿ ಬೆರೆತರೆ ನಲವತ್ತರಲ್ಲಿ ಮೂರು. ಹೀಗೆ ಮಳೆಗಾಲದ ಏಣೆಲು ಬೆಳೆಯ ಪಾಲು, ಏತ ಅಥವಾ ಪಂಪಿನಿಂದ ನೀರುಂಡ ಕೊಳಕೆಯ ಪಾಲಿನ ಇಮ್ಮಡಿ. ಈ ಸೀಮೆಯ ಜಂಬಿಟ್ಟಿಗೆ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳಿಂದ ತಾನಾಗಿ ಹರಿದುಬರುವ ನೀರು ಯಾವ ಬಗೆಯದು? ಪಾರಸಿಕದ ಕನಾತುಗಳನ್ನು ಕುರಿತು ‘ಮಿನ್ಹಾಜು’ ಕೊಡುವ ತೀರ್ಪು ಇಲ್ಲಿಗೂ ಒಪ್ಪುತ್ತದೆ: ಅಂಥ ನೀರು ಮಳೆಯ ನೀರಿನಂತೆಯೇ. ಅಗೆಯುವಾಗಿನ ಖರ್ಚು ನೆಲವನ್ನು ಸರಿಪಡಿಸಿದ ಖರ್ಚೇ ಹೊರತು ಬೆಳೆಗೆ ನೀರೆತ್ತಿದ ಖರ್ಚಲ್ಲ.

೫

ಆದರೆ ಇಂದು ಸುರಂಗದ ನೀರು ಹೆಚ್ಚಾಗಿ ಹರಿಯುವುದು ಅಡಕೆಯ ತೋಟಕ್ಕೆ. ಗದ್ದೆಗಳು ಕುಗ್ಗಿ ಅಡಕೆ, ರಬ್ಬರು, ಕೊಕ್ಕೋಗಳು ಹಬ್ಬಿರುವುದು ಈ ಮೂರು ತಾಲೂಕುಗಳ ಈಚಿನ ಚರಿತ್ರೆ. ಶಾಫಿ ಪಂಥದಲ್ಲಿ ಬೆಳೆಯ ಪಾಲು ಸಲ್ಲುವುದು ಖರ್ಜೂರ, ದ್ರಾಕ್ಷಿಗಳಿಗೆ ಮತ್ತು ಜನರು ಆಹಾರವಾಗಿ ನಂಬಿ ಬದುಕುವ, ಕೂಡಿಟ್ಟರೆ ಕೆಡದ ಧಾನ್ಯಗಳಿಗೆ ಮಾತ್ರ. ಅಡಕೆ ಕೂಡಿಟ್ಟರೆ ಕೆಡದು. ಆದರೆ ಅದು ಆಹಾರವಲ್ಲ. ತೆಂಗು, ಮೆಣಸು, ಗೇರು, ರಬ್ಬರುಗಳೂ ಇದೇ ಪಂಗಡಕ್ಕೆ ಸೇರಿದವು. ಒಂದು ಎಕರೆ ಗದ್ದೆ ತೋಟವಾದೊಡನೆ ಅದರ ಬೆಳೆಯಲ್ಲಿ ಬಡವನಿಗಿದ್ದ ಕಡ್ಡಾಯದ ಪಾಲು ಇಲ್ಲವಾಗುತ್ತದೆ. ತೋಟದ ಉತ್ಪತ್ತಿ ಗದ್ದೆಯದಕ್ಕಿಂತ ಎಷ್ಟೋ ಹೆಚ್ಚಾದರೂ ಹೀಗೆಯೇ.

ಇದನ್ನು ಕುರಿತು ಅಭಿಪ್ರಾಯಭೇದವುಂಟು. ನೆಲದಿಂದ ಹುಟ್ಟುವ ಎಲ್ಲ ಬೆಳೆಗೂ ಪಾಲುಂಟೆಂಬುದು ಅಬೂ ಹನೀಫರ ಮತ. ಈಚಿನವರಲ್ಲಿ ಯೂಸುಫ್ ಅಲ್ ಕರದಾವಿಯವರು ಝಕಾತ್ತನ್ನು ಕುರಿತ ತಮ್ಮ ದೊಡ್ಡ ಗ್ರಂಥದಲ್ಲಿ ಇದನ್ನೇ ಎತ್ತಿಹಿಡಿದಿದ್ದಾರೆ. ಝಕಾತ್ತು ಆರಾಧನೆಯಾದುದರಿಂದ ಅದರ ವಸ್ತುಗಳನ್ನು ಯುಕ್ತಿಯಿಂದ ಹೆಚ್ಚಿಸಲಾಗದೆಂಬುದು ಸಾಂಪ್ರದಾಯಿಕ ಶಾಫಿ ಪಂಡಿತರ ಉತ್ತರ. ತಾನಾಗಿ ಕೊಡುವ ದಾನಕ್ಕೆ ಯಾರ ಅಡ್ಡಿಯೂ ಇಲ್ಲ.

ಸಾಂಪ್ರದಾಯಿಕರ ಮತದಲ್ಲಿಯೂ ಅಡಕೆಯ ಸಂಪತ್ತು ಪೂರ್ತಿಯಾಗಿ ತಪ್ಪಿಸಿಕೊಳ್ಳುವುದಿಲ್ಲ. ಮಾರುವ ಉದ್ದೇಶದಿಂದ ಅಡಕೆಯನ್ನು ಕೊಂಡಿಟ್ಟ ಪುತ್ತೂರಿನ ವರ್ತಕನು ಚಾಂದ್ರಮಾನದ ವರ್ಷ ತುಂಬಿದಾಗ ಸರಕಿನ ಬೆಲೆಯಲ್ಲಿ ನಲವತ್ತರಲ್ಲೊಂದನ್ನು ಕೊಡಬೇಕು. ತನ್ನ ತೋಟದ ಚಾಲಿಯನ್ನೇ ಬೆಲೆಯೇರುವವರೆಗೆ ಎರಡು ವರ್ಷ ಕೂಡಿಟ್ಟ ಬೆಳೆಗಾರನು ವರ್ತಕನಲ್ಲ. ಅವನ ಕಣಜದ ಅಡಕೆಗೆ ಪಾಲಿಲ್ಲ. ಮಾರಿದ ಮೇಲೆ ಬಂದ ಹಣವು ಸುಮಾರು ೫೯೫ ಗ್ರಾಂ ಬೆಳ್ಳಿಯ ಬೆಲೆಯಷ್ಟಿದ್ದು ಒಂದು ವರ್ಷ ಕೈಯಲ್ಲಿ ನಿಂತರೆ ಮಾತ್ರ ನಲವತ್ತರಲ್ಲೊಂದು. ಅಷ್ಟರೊಳಗೆ ಮನೆಗೋ ಮದುವೆಗೋ ವೆಚ್ಚವಾದರೆ ಅದೂ ಇಲ್ಲ. ಆ ವರ್ಷವು ೩೫೪ ದಿನಗಳದಾದುದರಿಂದ, ಇಂಗ್ಲಿಷ್ ತಾರೀಕಿನಿಂದ ಎಣಿಸುವವನು ಸುಮಾರು ಮೂವತ್ತಮೂರು ವರ್ಷಗಳಲ್ಲಿ ಒಂದು ವರ್ಷದ ಪಾಲನ್ನು ತಿಳಿಯದೆಯೇ ಬಾಕಿ ಉಳಿಸಿಕೊಳ್ಳುತ್ತಾನೆ.

ನೆಲ್ಲಿನ ಕಾಲದಲ್ಲಿ ಬಡವನ ಪಾಲು ಕಳದ ರಾಶಿಯಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತಿದ್ದಿತು. ಸಂಪತ್ತಿರುವ ಊರಿನಿಂದ ಅದನ್ನು ಹೊರಗೆ ಸಾಗಿಸಬಾರದೆಂಬುದು ಶಾಫಿಗಳ ಪ್ರಬಲ ಅಭಿಪ್ರಾಯವಾದುದರಿಂದ ರಾಶಿಯನ್ನು ಕಂಡವನಿಗೇ ಅದು ದೊರೆಯುತ್ತಿದ್ದಿತು. ಅಡಕೆಯ ಕಾಲದಲ್ಲಿ ಅದು ಹಣದ ಲೆಕ್ಕದೊಳಗೆ ಸೇರಿಕೊಂಡಿದೆ. ಹಣವು ಆ ಅಳತೆಯನ್ನು ಮುಟ್ಟಿದ ದಿನವನ್ನು ಬಲ್ಲವನು ಅದರ ಒಡೆಯನೊಬ್ಬನೇ. ಆದುದರಿಂದ ಈ ಸೀಮೆಯಲ್ಲಿ ಬಡವನ ಪಾಲು ಈಗ ಬಹುಮಟ್ಟಿಗೆ ಆ ಒಂದು ತಾರೀಕನ್ನು ಬರೆದಿಟ್ಟುಕೊಳ್ಳುವವರ ಎಚ್ಚರವನ್ನೇ ನಂಬಿಕೊಂಡಿದೆ.