ಸಾಲ ದೇಶದ್ದು, ಕಂತು ಯಾರದು?

2022ರ ಏಪ್ರಿಲ್ ಕೊನೆಯ ಒಂದು ರಾತ್ರಿ ಸುಳ್ಯದಿಂದ ಅಪ್ಪ ಫೋನ್ ಮಾಡಿದ್ದರು. ಹತ್ತಿರದ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವವರೊಬ್ಬರು ಮನೆಗೆ ಬಂದಿದ್ದರಂತೆ. ಶ್ರೀಲಂಕಾದ ಚಹಾ ತೋಟದಲ್ಲಿರುವ ಅವರ ಚಿಕ್ಕಮ್ಮನಿಗೆ ಸೀಮೆಎಣ್ಣೆಯೂ ಸಿಗುತ್ತಿಲ್ಲ, ಹಾಲಿನ ಪುಡಿಯೂ ಇಲ್ಲ. ‘ಒಂದು ದೇಶ ದಿವಾಳಿ ಆಗುವುದೆಂದರೆ ಎಂತ ಮಾರಾಯಾ? ಸಾಲ ನಮ್ಮ ದೇಶಕ್ಕೂ ಉಂಟಲ್ಲ, ನಮಗೂ ಹಾಗೇ ಆಗ್ತದಾ?’ ಎಂದು ಅಪ್ಪ ಕೇಳಿದರು.

ಚೆನ್ನೈನಲ್ಲಿ ಲೆಕ್ಕಪರಿಶೋಧನೆಯೇ ನನ್ನ ಕೆಲಸ. ಆದರೂ ಆ ರಾತ್ರಿ ಸರಿಯಾದ ಉತ್ತರ ಕೊಡಲಾಗಲಿಲ್ಲ.

ನಮ್ಮೂರಿನ ಆ ಕುಟುಂಬಗಳ ಕತೆ ಹಳೆಯದು. ಚಹಾ ತೋಟದ ಕೂಲಿಗೆಂದು ಬ್ರಿಟಿಷರು ಶ್ರೀಲಂಕಾಕ್ಕೆ ಕರೆದೊಯ್ದ ತಮಿಳರ ವಂಶದವರು ಅವರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಭಾರತಕ್ಕೆ ಮರಳಿದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಬಂಧುಗಳು ಅಲ್ಲೇ ಉಳಿದರು.

ಹಾಗೆ ನೋಡಿದರೆ ಶ್ರೀಲಂಕಾ ಬಡ ದೇಶವಾಗಿರಲಿಲ್ಲ. ಅದರ ತಲಾ ಆದಾಯ ನಮಗಿಂತ ಹೆಚ್ಚಿತ್ತು. 2019ರಲ್ಲಿ ವಿಶ್ವಬ್ಯಾಂಕ್ ಅದನ್ನು ಮೇಲ್ಮಧ್ಯಮ ಆದಾಯದ ದೇಶಗಳ ಪಟ್ಟಿಗೆ ಸೇರಿಸಿತ್ತು. ಅದೇ ವರ್ಷದ ಕೊನೆಯಲ್ಲಿ ಹೊಸ ಸರ್ಕಾರ ವ್ಯಾಟ್ ಅನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು. ಬೊಕ್ಕಸ ಸೊರಗಿತು. ಕೋವಿಡ್ ಬಂದು ಪ್ರವಾಸೋದ್ಯಮದ ಡಾಲರ್ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರಕ್ಕೆ ನಿಷೇಧ ಹೇರಿದ್ದರಿಂದ ಬೆಳೆ ಕುಸಿಯಿತು. 2019ರ ಕೊನೆಗೆ ಸುಮಾರು 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಸಂಗ್ರಹದಲ್ಲಿ 2022ರ ಮೇ ವೇಳೆಗೆ ಬಳಸಲು ಉಳಿದದ್ದು 5 ಕೋಟಿಗಿಂತ ಕಡಿಮೆ. ಅಷ್ಟರಲ್ಲಾಗಲೇ, ಏಪ್ರಿಲ್ 12ರಂದು, ವಿದೇಶಿ ಸಾಲದ ಮರುಪಾವತಿ ನಿಲ್ಲಿಸುವುದಾಗಿ ಸರ್ಕಾರ ಪ್ರಕಟಿಸಿತ್ತು.

ಸಾಲ ಎಷ್ಟು ಎನ್ನುವುದಷ್ಟೇ ಮುಖ್ಯವಾಗಿದ್ದರೆ ಜಪಾನ್ ಮೊದಲು ಮುಳುಗಬೇಕಿತ್ತು. ಅದರ ಸಾಲ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಆದರೆ ಅದು ಯೆನ್‌ನಲ್ಲಿದೆ, ಬಹುಪಾಲು ಜಪಾನಿನವರಿಗೇ ಕೊಡಬೇಕಾದದ್ದು. ಶ್ರೀಲಂಕಾ ಮಾತ್ರ ತಾನು ಮುದ್ರಿಸಲಾಗದ ಡಾಲರಿನಲ್ಲಿ ದೊಡ್ಡ ಸಾಲ ಮಾಡಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಹಾಸಿಗೆ ಯಾರದು ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನು ಕಂತಿನ ಮಾತು. ಚಹಾ ತೋಟದ ಕಾರ್ಮಿಕರಿಗೆ 2021ರಲ್ಲಿ ದಿನಕ್ಕೆ 1,000 ರೂಪಾಯಿ ಕನಿಷ್ಠ ಕೂಲಿ ನಿಗದಿಯಾಗಿತ್ತು. ಡಾಲರಿಗೆ 200 ರೂಪಾಯಿ ಇದ್ದಾಗ ಅದು 5 ಡಾಲರ್. 2022ರಲ್ಲಿ ಡಾಲರಿನ ಬೆಲೆ 360 ರೂಪಾಯಿಗೆ ಏರಿದಾಗ ಅದೇ ಕೂಲಿ 3 ಡಾಲರಿಗೂ ಕಡಿಮೆಯಾಯಿತು. ಅವರು ಕಿತ್ತ ಎಲೆಯ ಚಹಾ ಮಾರಾಟವಾಗುವುದು ಡಾಲರಿನಲ್ಲಿ, ಕೂಲಿ ಸಿಗುವುದು ರೂಪಾಯಿಯಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಹಣದುಬ್ಬರ ಶೇ 70ರ ಹತ್ತಿರ ಹೋಯಿತು. ಡಾಲರ್ ಉಳಿತಾಯ ಇದ್ದವರು ಹೇಗೋ ಪಾರಾದರು. ದಿನಗೂಲಿಯವರಿಗೆ ಊಟವೇ ಕಡಿಮೆಯಾಯಿತು.

ಭಾರತ ಸುಮಾರು 400 ಕೋಟಿ ಡಾಲರ್ ನೆರವು ನೀಡಿತು, ಐಎಂಎಫ್ ಸಾಲ ಮಂಜೂರು ಮಾಡಿತು. 2024ರಲ್ಲಿ ಅಲ್ಲಿನ ಆರ್ಥಿಕತೆ ಸುಮಾರು ಶೇ 5ರಷ್ಟು ಬೆಳೆದಿದೆ. ಆದರೆ ವಿಶ್ವಬ್ಯಾಂಕಿನ ಅಂದಾಜಿನಂತೆ ಆ ವರ್ಷ ಜನಸಂಖ್ಯೆಯ ಸುಮಾರು ಕಾಲು ಭಾಗ ಬಡತನದಲ್ಲಿತ್ತು. 2019ಕ್ಕೆ ಹೋಲಿಸಿದರೆ ಇದು ಸುಮಾರು ಎರಡು ಪಟ್ಟು. ವ್ಯಾಟ್ ಈಗ ಶೇ 18. ತೋಟದ ಕೂಲಿಯೂ ತೋಟದ ಮಾಲೀಕನೂ ಸೋಪು ಕೊಂಡರೆ ಕಟ್ಟುವ ತೆರಿಗೆ ಒಂದೇ. ಬೆಳವಣಿಗೆ ಮರಳಿದೆ, ಬಡವರ ಪಾಲು ಮರಳಿಲ್ಲ.

ಮೊನ್ನೆ ಊರಿಗೆ ಹೋದಾಗ ಅಪ್ಪನಿಗೆ ಆ ಹಳೆಯ ಪ್ರಶ್ನೆಯ ಉತ್ತರ ಹೇಳಿದೆ. ಕೇಂದ್ರ, ರಾಜ್ಯಗಳದ್ದು ಸೇರಿಸಿದರೆ ನಮ್ಮ ಸಾಲ ಜಿಡಿಪಿಯ ಶೇ 80ರ ಆಸುಪಾಸಿನಲ್ಲಿದೆ. ಬಹುಪಾಲು ರೂಪಾಯಿಯಲ್ಲೇ, ದೇಶದೊಳಗೇ ಪಡೆದದ್ದು. ಹಾಗಾಗಿ ಶ್ರೀಲಂಕಾದ ಗತಿ ಬರುವ ಭಯ ಕಡಿಮೆ. ಆದರೆ ಕೇಂದ್ರದ ವೆಚ್ಚದ ಸುಮಾರು ಕಾಲು ಭಾಗ ಬಡ್ಡಿಗೇ ಹೋಗುತ್ತದೆ. ಆಸ್ಪತ್ರೆಗೆ, ಶಾಲೆಗೆ ಹೋಗಬಹುದಾಗಿದ್ದ ಹಣ ಅದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ದೇಶ ಎಷ್ಟು ಬೆಳೆಯಿತು ಅಂತ ಮಾತ್ರ ಕೇಳಿದ್ರೆ ಸಾಲದು’ ಎಂದರು. ಬ್ಯಾಲೆನ್ಸ್ ಶೀಟ್ ಓದಿಯೇ ಬದುಕುವ ನಾನು ಅದಕ್ಕೆ ಸೇರಿಸಲು ಏನೂ ಇರಲಿಲ್ಲ.