ಗೆತಾರಿಯಾ: ಬೀದಿಯಲ್ಲೇ ಮೀನು ಸುಡುವ ಊರು

ಸ್ಪೇನಿನ ಉತ್ತರ ಕರಾವಳಿಯ ಬಾಸ್ಕ್ ಸೀಮೆಯಲ್ಲಿರುವ ಗೆತಾರಿಯಾದಲ್ಲಿ ಮೀನಿನ ಹೋಟೆಲುಗಳ ಒಲೆ ಒಳಗಿಲ್ಲ, ಬೀದಿ ಬದಿಯಲ್ಲಿದೆ. ಗೋಡೆಗೆ ಒತ್ತಿ ನಿಂತ ಕಬ್ಬಿಣದ ಒಲೆ, ಒಳಗೆ ನಿಗಿನಿಗಿ ಕೆಂಡ, ಮೇಲೆ ಮೀನಿನದೇ ಆಕಾರದ ತಂತಿಜಾಲರಿ. ಮಧ್ಯಾಹ್ನ ಒಂದೂವರೆ ದಾಟಿದರೆ ಬಂದರಿನ ಗಲ್ಲಿಗಳಲ್ಲಿ ಹೊಗೆಯದೇ ಕಾರುಬಾರು.

ಊರಿನ ಚರಿತ್ರೆ ಸಣ್ಣದೇನಲ್ಲ. ಮೊದಲ ಭೂಪ್ರದಕ್ಷಿಣೆಯೆನಿಸಿದ ಯಾನಕ್ಕೆ ಹೊರಟ ಮೆಗೆಲನ್ 1521ರಲ್ಲಿ ದಾರಿಯಲ್ಲೇ ಹತನಾದ ಮೇಲೆ, ಉಳಿದ ಒಂದು ಹಡಗನ್ನು 1522ರಲ್ಲಿ ಸ್ಪೇನಿಗೆ ತಂದು ಮುಟ್ಟಿಸಿದ ಹುವಾನ್ ಸೆಬಾಸ್ಟಿಯನ್ ಎಲ್ಕಾನೊ ಇಲ್ಲಿಯವನು. ವಸ್ತ್ರವಿನ್ಯಾಸಕ ಬಾಲೆನ್ಸಿಯಾಗಾ 1895ರಲ್ಲಿ ಹುಟ್ಟಿದ್ದೂ ಇಲ್ಲೇ. ಅವರ ಹೆಸರಿನ ವಸ್ತುಸಂಗ್ರಹಾಲಯ 2011ರಿಂದ ಇದೆ. ಸ್ಯಾನ್ ಸಾಲ್ವಡಾರ್ ಚರ್ಚಿನ ನೆಲ ಇಳಿಜಾರಾಗಿದೆ, ಅದರ ಅಡಿಯಲ್ಲೇ ಒಂದು ಓಣಿ ಬಂದರಿನ ಕಡೆಗೆ ಹಾದುಹೋಗುತ್ತದೆ.

ಆ ಓಣಿ ದಾಟಿದರೆ ಸಿಗುವ ಪುಟ್ಟ ಹೋಟೆಲುಗಳಲ್ಲಿ ರಾಜಮರ್ಯಾದೆ ಟರ್ಬಟ್ ಮೀನಿಗೆ. ನಮ್ಮ ಕರಾವಳಿಯ ನಂಗಿನ ಹಾಗೆ ಚಪ್ಪಟೆ, ಆದರೆ ಅಗಲ ಹೆಚ್ಚು. ಎರಡೂ ಕಣ್ಣು ಒಂದೇ ಬದಿಗೆ. ಮಸಾಲೆಯ ಸುಳಿವೇ ಇಲ್ಲ. ಉಪ್ಪು ಸವರಿ, ಚರ್ಮ ಸುಲಿಯದೆ, ಇಡೀ ಮೀನನ್ನು ಜಾಲರಿಯೊಳಗಿಟ್ಟು ಕೆಂಡದ ಮೇಲೆ ಹಿಡಿಯುತ್ತಾರೆ. ನಡುನಡುವೆ ಎಣ್ಣೆ, ವಿನೆಗರ್ ಬೆರೆಸಿದ ನೀರನ್ನು ಬಾಟಲಿಯಿಂದ ಚಿಮುಕಿಸುತ್ತಾರೆ. ಈ ಪದ್ಧತಿಗೆ ಹೆಸರು ತಂದಿದ್ದು 1964ರಲ್ಲಿ ಪೆಡ್ರೊ ಅರ್ರೆಗಿ ತೆರೆದ ‘ಎಲ್ಕಾನೊ’ ಹೋಟೆಲು.

ಒಲೆಯ ಮುಂದೆ ನಿಂತ ಹಿರಿಯರಿಗೆ ಕೈಯಷ್ಟೇ ಬಾಯೂ ಚುರುಕು. ಬೇರೆ ಊರುಗಳ ಹೋಟೆಲುಗಳಲ್ಲಿ ಈಗ ಸಾಕಿದ ಟರ್ಬಟ್ಟೇ ಹೆಚ್ಚೆಂಬುದು ಅವರ ದೂರು. ಸ್ಪೇನಿನದೇ ಗಲಿಸಿಯಾ ಪ್ರಾಂತ್ಯದ ತೊಟ್ಟಿಗಳಲ್ಲಿ ಈ ಮೀನನ್ನು ದೊಡ್ಡ ಪ್ರಮಾಣದಲ್ಲಿ ಸಾಕುತ್ತಾರೆ, ಅಗ್ಗವಾಗಿಯೂ ಸಿಗುತ್ತದೆ. ಕಡಲಿನದಕ್ಕೂ ತೊಟ್ಟಿಯದಕ್ಕೂ ಇರುವ ಭೇದ ಗಿರಾಕಿಗೆ ಎಲ್ಲಿ ತಿಳಿಯುತ್ತದೆ ಎಂದು ಗೊಣಗುತ್ತಲೇ ಜಾಲರಿ ಮಗುಚುತ್ತಾರೆ. ದೋಣಿ ಹತ್ತಲು ಊರ ಹುಡುಗರಿಗೆ ಮನಸ್ಸಿಲ್ಲ ಎಂಬ ಬೇಸರ ಬೇರೆ. ಬಾಸ್ಕ್ ದೋಣಿಗಳಲ್ಲಿ ಈಗ ಸೆನೆಗಲ್‌ನಿಂದ ಬಂದವರೂ ದುಡಿಯುತ್ತಾರೆ. ಬಿಸ್ಕೆ ಕೊಲ್ಲಿಯಲ್ಲಿ ಆಂಚೊವಿ ಮೀನು ಬರಿದಾಗಿ 2005ರಿಂದ 2010ರವರೆಗೆ ಬೇಟೆಯನ್ನೇ ನಿಲ್ಲಿಸಿದ್ದ ದಿನಗಳನ್ನು ಅವರು ಇನ್ನೂ ಮರೆತಿಲ್ಲ.

ಒಳಗೆ ಮರದ ತೊಲೆ, ಹಳೆಯ ದೋಣಿಗಳ ಫೋಟೊ, ಮೊಣಕೈ ತಾಗುವಷ್ಟು ಹತ್ತಿರ ಹತ್ತಿರ ಮೇಜು. ಮೀನನ್ನು ಇಡಿಯಾಗಿ ತಂದು ಕಣ್ಣೆದುರೇ ಬಿಡಿಸುತ್ತಾರೆ. ಕಪ್ಪು ಬದಿಯ ಮಾಂಸ ದಪ್ಪ, ಬಿಳಿ ಬದಿಯದು ತೆಳು. ಎರಡರ ರುಚಿಯೂ ಬೇರೆ. ಚರ್ಮದಿಂದ ಇಳಿದ ಅಂಟು, ಎಣ್ಣೆಯ ಜೊತೆ ಕೂಡಿ ತಟ್ಟೆಯಲ್ಲೇ ಗಟ್ಟಿ ರಸವಾಗುತ್ತದೆ. ರೆಕ್ಕೆಯಂಚಿನ ಮುಳ್ಳನ್ನು ಕೈಯಲ್ಲೇ ಹಿಡಿದು ಚೀಪಬೇಕು. ಚಮಚ, ಫೋರ್ಕು ಹಿಡಿದು ಕೂತವರಿಗೆ ಅರ್ಧ ರುಚಿ ನಷ್ಟ. ಜೊತೆಗೆ ಸುತ್ತಲ ಗುಡ್ಡಗಳ ದ್ರಾಕ್ಷಿಯಿಂದ ಮಾಡಿದ ಹುಳಿ ರುಚಿಯ ‘ಚಾಕೊಲಿ’ ವೈನು.

ಒಂದೇ ಆಕ್ಷೇಪ: ಮೆನುವಿನಲ್ಲಿ ಮೀನಿನ ಎದುರು ಕಿಲೋ ದರ ಮಾತ್ರ ಇರುತ್ತದೆ, ಕೆಲವೆಡೆ ಅದೂ ಇಲ್ಲ. ಹೀಗಾಗಿ ಮೀನು ಕೆಂಡಕ್ಕೆ ಹೋಗುವ ಮೊದಲೇ ತೂಕ, ಬೆಲೆ ಕೇಳಿಕೊಳ್ಳುವುದು ಒಳ್ಳೆಯದು. ಸ್ಯಾನ್ ಸೆಬಾಸ್ಟಿಯನ್‌ನಿಂದ ಇಲ್ಲಿಗೆ ಸುಮಾರು 25 ಕಿ.ಮೀ., ಬಸ್ ಸೌಕರ್ಯವಿದೆ. ಆದರೆ ನಾಲ್ಕು ಗಂಟೆಗೆ ಹೋದರೆ ಒಲೆ ಆರಿರುತ್ತದೆ. ಮತ್ತೆ ಊಟ ಸಿಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ.