ಹಳೇ ಮಾರುತಿಗೆ ಹೊಸ ಟೈರ್: 12 ಇಂಚು ಸಿಗದಿದ್ದರೆ 13 ಹಾಕಿಸಬಹುದಾ? ಅಂಗಡಿಗೆ ಹೋಗೋ ಮುನ್ನ ಈ ಲೆಕ್ಕ ಗೊತ್ತಿರಲಿ

ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋಗಬೇಕು. ಮೆಕ್ಯಾನಿಕ್ ಒಮ್ಮೆ ಸುತ್ತು ಹಾಕಿ ನೋಡಿ, 'ಎಲ್ಲಾ ಸರಿ ಇದೆ ಸಾರ್, ಟೈರ್ ಮಾತ್ರ ಹೋಗಿದೆ' ಅಂತಾನೆ. ಟೈರ್ ಅಂಗಡಿಗೆ ಹೋದರೆ, 'ಈ ಸೈಜು ಈಗ ಯಾರೂ ಕೇಳಲ್ಲ, 13 ಇಂಚಿನ ರಿಮ್ ಸಮೇತ ಹಾಕ್ಕೊಡ್ತೀನಿ, ಗಾಡಿನೂ ಎತ್ತರ ಆಗುತ್ತೆ' ಅನ್ನೋ ಉತ್ತರ. ಮಾರುತಿ 800, ಓಮ್ನಿ ಇಟ್ಟುಕೊಂಡಿರುವ ಬಹಳ ಜನರಿಗೆ ಈ ಮಾತು ಪರಿಚಯ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಆದರೆ ಹಳ್ಳಿ ರಸ್ತೆಯಲ್ಲಿ, ಸಂತೆ ದಿನ ಪೇಟೆಯಲ್ಲಿ ಅದು ಈಗಲೂ ಓಡಾಡುತ್ತಲೇ ಇದೆ.

ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದು ಸಣ್ಣ ಲೆಕ್ಕ ಹಾಕಿದರೆ ಯಾವುದು ಎಷ್ಟು ನಿಜ ಅಂತ ತಿಳಿಯುತ್ತದೆ.

ಟೈರ್ ಮೇಲಿನ ಅಂಕಿ ಓದೋದು ಹೇಗೆ?

ಮಾರುತಿ 800ರ ಟೈರ್ ಮೇಲೆ 145/70 ಆರ್12 ಅಂತ ಇರುತ್ತದೆ. 145 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 70 ಅಂದರೆ ಟೈರಿನ ಸೈಡ್ ಎತ್ತರ ಆ ಅಗಲದ ಶೇ. 70 ಎಂದು. ಆರ್ ಅಂದರೆ ರೇಡಿಯಲ್. 12 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಇರೋದರಿಂದಲೇ ಜನ ಗೊಂದಲಕ್ಕೆ ಬೀಳೋದು.

145ರ ಶೇ. 70 ಅಂದರೆ 101.5 ಮಿ.ಮೀ. ರಿಮ್ಮಿನ ಮೇಲೊಂದು ಕೆಳಗೊಂದು ಸೈಡ್ ಇರುವುದರಿಂದ ಎರಡರಿಂದ ಗುಣಿಸಿದರೆ 203. ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ 12 ಇಂಚಿನ ರಿಮ್ 304.8 ಮಿ.ಮೀ. ಎರಡನ್ನೂ ಕೂಡಿಸಿದರೆ ಟೈರಿನ ಒಟ್ಟು ಎತ್ತರ 507.8 ಮಿ.ಮೀ. ಕಂಪನಿ ಸ್ಪೀಡೋಮೀಟರ್, ಗೇರು, ಮಡ್‌ಗಾರ್ಡ್ ಒಳಗಿನ ಜಾಗ ಎಲ್ಲವನ್ನೂ ಹೊಂದಿಸಿರುವುದು ಈ ಎತ್ತರಕ್ಕೆ. ಬೇರೆ ಸೈಜು ಹಾಕಿಸಿದರೂ ಒಟ್ಟು ಎತ್ತರ ಹಳೆಯದಕ್ಕಿಂತ ಶೇ. 3ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು ಅನ್ನೋದು ಟೈರ್ ಕೆಲಸದವರ ಲೆಕ್ಕ. 800ಕ್ಕೆ ಇದು 15 ಮಿ.ಮೀ. ಮಾತ್ರ.

ಈಗ ಅಂಗಡಿಯವರು ತೋರಿಸುವ ಟೈರುಗಳನ್ನು ಇದೇ ಲೆಕ್ಕಕ್ಕೆ ಹಾಕಿ. 155/65 ಆರ್13 ಒಟ್ಟು 531.7 ಮಿ.ಮೀ. ಆಗುತ್ತದೆ, ಶೇ. 4.7 ಜಾಸ್ತಿ. 'ಅದೇ 12 ಇಂಚು ಸಾರ್' ಎಂದು ಕೊಡುವ 145/80 ಆರ್12 ಇನ್ನೂ ಎತ್ತರ, 536.8. ರಿಮ್ ಬದಲಾಗಿಲ್ಲ, ಅಗಲವೂ ಅದೇ, ಆದರೂ ಶೇ. 5.7 ಜಾಸ್ತಿ. 155/70 ಆರ್13 ಅಂತೂ 547.2 ಮಿ.ಮೀ., ಅಂದರೆ ಶೇ. 7.8 ಹೆಚ್ಚು. ಇವುಗಳಲ್ಲಿ ಒಂದೂ ಶೇ. 3ರ ಒಳಗಿಲ್ಲ. 155/65 ಆರ್12 ಮಾತ್ರ 506.3 ಮಿ.ಮೀ. ಬಂದು ಹಳೇ ಟೈರಿಗೆ ಹೆಚ್ಚೂಕಮ್ಮಿ ಸಮನಾಗುತ್ತದೆ. ಟಾಟಾ ನ್ಯಾನೋ ಕಾರಿನ ಹಿಂದಿನ ಚಕ್ರಕ್ಕೆ ಬರುತ್ತಿದ್ದದ್ದು ಇದೇ ಸೈಜು. ಆದರೆ ಅಗಲ 10 ಮಿ.ಮೀ. ಜಾಸ್ತಿ ಇರುವುದರಿಂದ 800ರ ಕಿರಿದಾದ ರಿಮ್ಮಿಗೆ ಅದು ಸರಿಯಾಗಿ ಕೂರುತ್ತದೆಯೇ ಅಂತ ಟೈರ್ ಕಂಪನಿಯ ಪಟ್ಟಿ ನೋಡಿಯೇ ತೀರ್ಮಾನಿಸಬೇಕು. ಇವೆಲ್ಲಕ್ಕಿಂತ ಮೊದಲ ದಾರಿ, ಮೂಲ ಸೈಜನ್ನೇ ತರಿಸಿಕೊಡಿ ಎಂದು ಮುಂಗಡ ಕೊಟ್ಟು ಕೆಲವು ದಿನ ಕಾಯೋದು.

ಎತ್ತರ ಜಾಸ್ತಿ ಆದ್ರೆ ಏನಾಗುತ್ತೆ?

ಗಾಡಿ ಎತ್ತರ ಆಗೋದು ನಿಜ, ಆದರೆ ಟೈರ್ ಹೆಚ್ಚಿದ ಎತ್ತರದ ಅರ್ಧ ಮಾತ್ರ. 155/65 ಆರ್13 ಹಾಕಿದರೆ ನೆಲದಿಂದ ಸಿಗುವ ಹೆಚ್ಚುವರಿ ಜಾಗ 12 ಮಿ.ಮೀ., ಹೆಬ್ಬೆರಳಿನ ದಪ್ಪವೂ ಅಲ್ಲ. ಅಷ್ಟೇ ಜಾಗ ಮೇಲೆ ಮಡ್‌ಗಾರ್ಡ್ ಕಡೆ ಕಡಿಮೆಯಾಗುತ್ತದೆ. ಒಬ್ಬರೇ ಕೂತು ಊರೊಳಗೆ ಒಂದು ರೌಂಡ್ ಹೊಡೆದರೆ ಇದು ಗೊತ್ತಾಗಲ್ಲ. ಐದು ಜನ ಕೂತು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಂಪ್ಸ್ ಹತ್ತಿಸಿದಾಗ 'ಕರ್ರ್' ಅಂತ ಉಜ್ಜುವ ಸದ್ದು ಬರುತ್ತದೆ. ಅಂಗಡಿ ಮುಂದೆಯೇ ಹೀಗೆ ಜನ ಕೂರಿಸಿ ನೋಡಿಕೊಂಡು ದುಡ್ಡು ಕೊಡುವುದು ಒಳ್ಳೇದು.

ಸ್ಪೀಡೋಮೀಟರ್ ಕೂಡ ಕಡಿಮೆ ತೋರಿಸತೊಡಗುತ್ತದೆ. 155/70 ಆರ್13 ಹಾಕಿದ ಗಾಡಿಯಲ್ಲಿ ಮೊದಲು ಸರಿಯಾಗಿ 80 ತೋರಿಸುತ್ತಿದ್ದ ಮೀಟರ್ ಈಗಲೂ 80 ಅನ್ನುತ್ತದೆ, ಗಾಡಿ ಓಡುತ್ತಿರುವುದು ಸುಮಾರು 86ರಲ್ಲಿ. ಹೆದ್ದಾರಿಯ ಕ್ಯಾಮೆರಾ ನೋಡುವುದು ಮೀಟರ್ ಅಲ್ಲ. ಪಿಕಪ್ಪೂ ಬೀಳುತ್ತದೆ. 796 ಸಿಸಿ ಇಂಜಿನ್ನಿಗೆ ದೊಡ್ಡ ಚಕ್ರ ತಿರುಗಿಸುವುದು ಭಾರ, ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗುತ್ತದೆ.

ಓಮ್ನಿಯಲ್ಲಿ ಸಾಮಾನು ಹಾಕೋ ಅಂಗಡಿಯವರು ಗಮನಿಸಿ

ನಿಜವಾದ ಅಪಾಯ ಇರುವುದು ಇಲ್ಲಿ. ಓಮ್ನಿಗೆ ಬರುವುದು 145 ಆರ್12 ಎಲ್‌ಟಿ, ಅಂದರೆ ಭಾರ ಹೊರಲೆಂದೇ ಗಟ್ಟಿ ಮಾಡಿದ ಟೈರ್. ಅದರಲ್ಲಿ ಶೇಕಡಾ ಅಂಕಿ ಇರುವುದಿಲ್ಲ, ಬದಲಿಗೆ 6 ಪಿಆರ್ ಅನ್ನುವ ಪದರದ ಗುರುತು ಇರುತ್ತದೆ. ಕಾರಿನ 145/80 ಆರ್12 ಟೈರ್ ಅದೇ ರಿಮ್ಮಿಗೆ ಕೂರುತ್ತದೆ, ಎತ್ತರವೂ ಹೆಚ್ಚೂಕಮ್ಮಿ ಒಂದೇ, ಬೆಲೆಯಲ್ಲೂ ಸ್ವಲ್ಪ ಉಳಿತಾಯ ಕಾಣಬಹುದು. ನೋಡಿದವರಿಗೆ ವ್ಯತ್ಯಾಸವೇ ತಿಳಿಯಲ್ಲ. ಆದರೆ ಅಕ್ಕಿ ಮೂಟೆ, ಎಣ್ಣೆ ಡಬ್ಬ, ತರಕಾರಿ ಕ್ರೇಟು ತುಂಬಿ ಬಿಸಿಲಲ್ಲಿ ಓಡಿಸಿದರೆ ಕಾರಿನ ಟೈರ್ ಕಾದು ಸೈಡು ಉಬ್ಬಿ ಸಿಡಿಯಬಹುದು.

ಸೈಜಿನ ಪಕ್ಕದಲ್ಲಿ 69ಎಸ್, 74ಎಸ್ ಥರ ಬರೆದಿರುವುದು ಇದನ್ನು ತಿಳಿಯಲೆಂದೇ. ಅಂಕಿ ಭಾರದ್ದು, ಅಕ್ಷರ ವೇಗದ್ದು. 69 ಅಂದರೆ ಒಂದು ಟೈರ್ 325 ಕೆಜಿ ಹೊರಬಲ್ಲದು, 71 ಅಂದರೆ 345, 74 ಅಂದರೆ 375. ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗ. ಹೊಸ ಟೈರಿನ ಅಂಕಿ ಕಂಪನಿ ಕೊಟ್ಟಿದ್ದಕ್ಕಿಂತ ಮೇಲಿರಬಹುದು, ಕೆಳಗಿರಬಾರದು.

ರಿಮ್ ಬದಲಿಸುವವರಿಗೆ

ಅಲಾಯ್ ವೀಲ್‌ಗೆ ನಾಲ್ಕು ತೂತು ಇದ್ದ ಮಾತ್ರಕ್ಕೆ ಕೂರುವುದಿಲ್ಲ. ಎದುರುಬದುರಿನ ಎರಡು ತೂತುಗಳ ನಡುಭಾಗದಿಂದ ನಡುಭಾಗಕ್ಕೆ ಅಳೆದರೆ ಮಾರುತಿ 800ರದ್ದು 114.3 ಮಿ.ಮೀ., ಸ್ವಿಫ್ಟ್‌ನದ್ದು 100 ಮಿ.ಮೀ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು, ತೂತು ಕೊರೆಸಿ ಕೂರಿಸುವವರೂ ಇದ್ದಾರೆ. ಜೀವಕ್ಕೆ ಸಂಚಕಾರ ತರುವ ಕೆಲಸ ಅದು. ರಿಮ್ ಒಳಗೆ ಎಷ್ಟು, ಹೊರಗೆ ಎಷ್ಟು ಚಾಚಿದೆ ಅನ್ನುವುದೂ ಮುಖ್ಯ. ಹೊರಗೆ ಚಾಚಿದರೆ ನೋಡಲು ಚೆಂದ, ಆದರೆ ವೀಲ್ ಬೇರಿಂಗ್ ಬೇಗ ಸದ್ದು ಮಾಡತೊಡಗುತ್ತದೆ. ಹಳೇ ಕಬ್ಬಿಣದ ರಿಮ್ಮಿಗೆ ಟ್ಯೂಬ್‌ಲೆಸ್ ಹಾಕುವಾಗ ಅದು ಟ್ಯೂಬ್‌ಲೆಸ್‌ಗೆ ಮಾಡಿದ ರಿಮ್ಮೇ ಅಂತ ಕೇಳಿ, ಅಂಚಿನ ತುಕ್ಕು ಕೆರೆಸಿ. ಇಲ್ಲದಿದ್ದರೆ ವಾರಕ್ಕೊಮ್ಮೆ ಗಾಳಿ ಹೊಡೆಸುತ್ತಾ ತಿರುಗಬೇಕಾಗುತ್ತದೆ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂ. ವರೆಗೆ ದಂಡ ಅಥವಾ 6 ತಿಂಗಳವರೆಗೆ ಜೈಲು ವಿಧಿಸಬಹುದು. ಅದೇ ಮಾದರಿಯ ಕಾರಿಗೆ ಕಂಪನಿಯೇ ಕೊಟ್ಟಿರುವ ಸೈಜಾದರೆ ವಾದಕ್ಕೆ ಆಧಾರ ಇರುತ್ತದೆ. ಮಡ್‌ಗಾರ್ಡ್‌ನಿಂದ ಆಚೆ ಬಂದ ಚಕ್ರಕ್ಕೆ ಅದೂ ಇಲ್ಲ. ಅಪಘಾತವಾದಾಗ ವಿಮೆಯವರೂ ಇದೇ ಪ್ರಶ್ನೆ ಎತ್ತಬಹುದು. ಗ್ರಿಪ್ ಕನಿಷ್ಠ 1.6 ಮಿ.ಮೀ. ಉಳಿದಿರಬೇಕು ಎನ್ನುವುದೂ ನಿಯಮ. ಟೈರಿನ ಗೀರುಗಳ ಒಳಗಿನ ಸಣ್ಣ ಉಬ್ಬಿಗೆ ಗ್ರಿಪ್ ಸಮ ಆಗಿದ್ದರೆ ಆ ಟೈರ್ ಮುಗಿದಂತೆ.

ಕೊಳ್ಳುವಾಗ ಬಿಲ್ ಜೊತೆ ಟೈರಿನ ವಯಸ್ಸೂ ನೋಡಿ. ಕಡಿಮೆ ಓಡುವ ಸೈಜುಗಳು ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿರುತ್ತವೆ. ಡಿಒಟಿ ಸಾಲಿನ ಕೊನೆಯಲ್ಲಿ 2319 ಅಂತ ಇದ್ದರೆ ಅದು 2019ರ 23ನೇ ವಾರದ ಮಾಲು. 'ಹೊಸದೇ ಸಾರ್, ಒಂದು ದಿನಾನೂ ಓಡಿಲ್ಲ' ಅನ್ನೋದು ಸತ್ಯವೇ ಇರಬಹುದು, ಆದರೆ ರಬ್ಬರು ಕೂತಲ್ಲೇ ಗಟ್ಟಿಯಾಗುತ್ತದೆ. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ.

ಕೈಯಲ್ಲಿ ದುಡ್ಡು ಎರಡಕ್ಕೆ ಮಾತ್ರ ಇದ್ದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಹಳೆಯದರಲ್ಲಿ ಚೆನ್ನಾಗಿರುವುದನ್ನು ಮುಂದಕ್ಕೆ ತನ್ನಿ. ಇಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಿಗೂ ಇದೇ ಸರಿ. ಮಳೆಯಲ್ಲಿ ಮುಂದೆ ಜಾರಿದರೆ ಸ್ಟೇರಿಂಗ್‌ನಿಂದ ಸ್ವಲ್ಪವಾದರೂ ಸಂಭಾಳಿಸಬಹುದು, ಹಿಂದೆ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ. ಗಾಳಿ ಎಷ್ಟು ಅಂತ ಕಾರಿನ ಮ್ಯಾನ್ಯುಯಲ್ ನೋಡಿ ಹೊಡೆಸಿ, ಟೈರ್ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಮಾತ್ರ. ಹೊಸ ರಿಮ್ ಹಾಕಿಸಿದವರು 50ರಿಂದ 100 ಕಿ.ಮೀ. ಓಡಿದ ಮೇಲೆ ಅದೇ ಅಂಗಡಿಗೆ ಹೋಗಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಬೇಕು.